ಕನ್ನಡದ ಪರೀಕ್ಷೆ ಯಾರು ಬರೆಯಬೇಕು?

2025ರ ಮೇ ತಿಂಗಳಲ್ಲಿ ಕನ್ನಡ ಸುದ್ದಿಯಲ್ಲಿತ್ತು. ಸ್ವಲ್ಪ ಜಾಸ್ತಿಯೇ ಇತ್ತು. ಬೆಂಗಳೂರಿನ ಅಂಚಿನ ಒಂದು ಬ್ಯಾಂಕ್ ಶಾಖೆಯಲ್ಲಿ ಮ್ಯಾನೇಜರ್ ಒಬ್ಬರು ಗ್ರಾಹಕರ ಜೊತೆ ಕನ್ನಡ ಮಾತಾಡುವುದಿಲ್ಲ ಎಂದು ಹಟ ಹಿಡಿದ ವಿಡಿಯೊ ಎಲ್ಲರ ಮೊಬೈಲಿಗೂ ಬಂತು. ಚೆನ್ನೈನ ಒಂದು ಸಮಾರಂಭದಲ್ಲಿ ಕಮಲ್ ಹಾಸನ್, ಎದುರಿಗೇ ಶಿವರಾಜ್‌ಕುಮಾರ್ ಕೂತಿರುವಾಗ, ಕನ್ನಡ ಹುಟ್ಟಿದ್ದು ತಮಿಳಿನಿಂದ ಅಂದರು. ಕ್ಷಮೆ ಕೇಳಿ ಅಂದರೆ ಕೇಳಲಿಲ್ಲ. ಅವರ ಸಿನಿಮಾ ಜೂನ್ 5ರಂದು ಬೇರೆ ಕಡೆ ತೆರೆಗೆ ಬಂತು, ಕರ್ನಾಟಕದಲ್ಲಿ ಬರಲಿಲ್ಲ. ಈ ಎರಡು ಗಲಾಟೆಗಳ ನಡುವೆಯೇ, ಮೇ 20ರ ರಾತ್ರಿ ಲಂಡನ್ನಿನಲ್ಲಿ, ಹಾಸನದ ಬಾನು ಮುಷ್ತಾಕ್ ಅವರ ಕತೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಸಿಕ್ಕಿತು. ಇಂಗ್ಲಿಷಿಗೆ ತಂದವರು ದೀಪಾ ಭಾಸ್ತಿ. ಕನ್ನಡದ ಪುಸ್ತಕವೊಂದಕ್ಕೆ ಈ ಪ್ರಶಸ್ತಿ ಅದೇ ಮೊದಲು. ಸಣ್ಣಕತೆಗಳ ಸಂಕಲನಕ್ಕೆ ಸಿಕ್ಕಿದ್ದೂ ಅದೇ ಮೊದಲು.

ಆ ವಾರ ಬ್ಯಾಂಕಿನವರನ್ನು ಬೈದವರೇ ಬಾನು ಅವರ ಫೋಟೊವನ್ನು ಸ್ಟೇಟಸ್ಸಿಗೆ ಹಾಕಿಕೊಂಡರು. ‘ಕನ್ನಡದ ಹೆಮ್ಮೆ’, ‘ನಮ್ಮ ಭಾಷೆ ಅಂದ್ರೆ ಏನು ಅಂತ ಈಗ ನೋಡ್ಲಿ’ ಎಂಬ ಒಕ್ಕಣೆ ಬೇರೆ. ಅದರಲ್ಲಿ ತಪ್ಪೇನಿಲ್ಲ. ನಾನೂ ಹಾಕಿಕೊಂಡಿದ್ದೆ.

ಮಳೆಗಾಲ ಮುಗಿಯುವಷ್ಟರಲ್ಲಿ ಗಾಳಿ ಬದಲಾಯಿತು. ಮೈಸೂರು ದಸರಾ ಉದ್ಘಾಟನೆಗೆ ಬಾನು ಅವರನ್ನು ಕರೆಯುತ್ತೇವೆ ಅಂತ ರಾಜ್ಯ ಸರ್ಕಾರ ಹೇಳಿದ್ದೇ ತಡ, ವಿರೋಧ ಶುರುವಾಯಿತು. ಅವರು 2023ರ ಜನವರಿಯಲ್ಲಿ ಬೆಂಗಳೂರಿನ ಜನ ಸಾಹಿತ್ಯ ಸಮ್ಮೇಳನದಲ್ಲಿ ಆಡಿದ್ದ ಮಾತಿನ ತುಣುಕೊಂದನ್ನು ಯಾರೋ ಹುಡುಕಿ ತೆಗೆದರು. ಕನ್ನಡವನ್ನು ಭಾಷೆಯಾಗಿ ಬಿಡದೆ ಭುವನೇಶ್ವರಿ ಮಾಡಿದಿರಿ, ಬಾವುಟಕ್ಕೆ ಅರಿಶಿನ ಕುಂಕುಮ ಬಳಿದಿರಿ, ಹಾಗಾದರೆ ನಾನು ಎಲ್ಲಿ ನಿಲ್ಲಲಿ ಅನ್ನುವ ಅರ್ಥದ ಮಾತು ಅದು. ಮಾತನ್ನು ಕತ್ತರಿಸಿ ಹಂಚಿದ್ದಾರೆ ಅಂತ ಅವರು ಹೇಳಿದರು. ಅಷ್ಟು ಹೊತ್ತಿಗೆ ಪ್ರಶ್ನೆ ಬೇರೆಯೇ ಆಗಿತ್ತು. ಈಕೆಗೆ ಕನ್ನಡದ ಮೇಲೆ ನಿಜವಾಗಿ ಪ್ರೀತಿ ಇದೆಯೋ? ತಾಯಿ ಭುವನೇಶ್ವರಿಯನ್ನು ಒಪ್ಪುತ್ತಾರೋ? ಮೊದಲು ಅದನ್ನು ಹೇಳಲಿ, ಆಮೇಲೆ ಚಾಮುಂಡಿ ಬೆಟ್ಟ ಹತ್ತಲಿ.

ವಿಷಯ ಹೈಕೋರ್ಟಿಗೆ ಹೋಯಿತು. ಅಲ್ಲಿ ಅರ್ಜಿ ವಜಾ ಆದ ಮೇಲೆ ಸುಪ್ರೀಂ ಕೋರ್ಟಿಗೂ ಹೋಯಿತು. ಸೆಪ್ಟೆಂಬರ್ 19ರಂದು ಅಲ್ಲೂ ವಜಾ ಆಯಿತು. ಸಂವಿಧಾನದ ಪೀಠಿಕೆ ಏನು ಹೇಳುತ್ತೆ ಅಂತ ನ್ಯಾಯಮೂರ್ತಿಗಳು ಕೇಳಿದರಂತೆ. 22ರಂದು ಬಾನು ಬೆಟ್ಟಕ್ಕೆ ಹೋದರು, ದೇವಿಗೆ ಹೂ ಹಾಕಿದರು, ಭಾಷಣ ಮಾಡಿದರು. ನಿನಗೆ ಬೂಕರ್ ಬಂದರೆ ಚಾಮುಂಡಿಯ ಹತ್ತಿರ ಕರೆದುಕೊಂಡು ಹೋಗುತ್ತೇನೆ ಅಂತ ಗೆಳತಿಯೊಬ್ಬರು ಹರಕೆ ಹೊತ್ತಿದ್ದನ್ನೂ ಹೇಳಿದರು.

ಈ ಗದ್ದಲದ ರಾಜಕೀಯ ಎಲ್ಲರಿಗೂ ಗೊತ್ತಿರುವಂಥದ್ದೇ. ನನ್ನನ್ನು ಕಾಡಿದ್ದು ಅದರ ವೇಷ. ವಿರೋಧ ಧರ್ಮದ ವಿಷಯ ಇಟ್ಟುಕೊಂಡು ಶುರುವಾಯಿತು, ಆದರೆ ಜನ ಅದನ್ನು ವಾದಿಸಿದ್ದು ಭಾಷೆಯ ಮೇಲೆ. ಕರ್ನಾಟಕದಲ್ಲಿ ಇದು ಹೊಸದಲ್ಲ. ನಮ್ಮಲ್ಲಿ ಜಾತಿಯ ಜಗಳ, ಧರ್ಮದ ಜಗಳ, ಯಾರು ನಮ್ಮವರು ಯಾರು ಅಲ್ಲ ಅನ್ನುವ ಜಗಳ, ಇವೆಲ್ಲ ಒಂದಲ್ಲ ಒಂದು ಹಂತದಲ್ಲಿ ‘ನಿನಗೆ ಕನ್ನಡದ ಮೇಲೆ ಪ್ರೀತಿ ಇದೆಯಾ’ ಅನ್ನುವ ಪರೀಕ್ಷೆಯಾಗಿ ಬರುತ್ತವೆ. ಈ ಪರೀಕ್ಷೆಯನ್ನು ಎಲ್ಲರೂ ಬರೆಯಬೇಕಾಗಿಲ್ಲ. ನನ್ನನ್ನು ಈವರೆಗೆ ಯಾರೂ ಕೇಳಿಲ್ಲ. ಮನೆಯಲ್ಲಿ ಮಕ್ಕಳ ಜೊತೆ ಇಂಗ್ಲಿಷಿನಲ್ಲೇ ಮಾತಾಡುವ, ಕನ್ನಡ ಪುಸ್ತಕ ಮುಟ್ಟಿ ಕಾಲವಾದ ನನ್ನ ನೆಂಟರನ್ನೂ ಯಾರೂ ಕೇಳಿಲ್ಲ. ಕೇಳುವುದು ಕೆಲವರನ್ನು ಮಾತ್ರ.

ನನ್ನ ಕಾಲೇಜಿನ ಗೆಳತಿಯೊಬ್ಬಳು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಮನೆಮಾತು ದಖನಿ ಉರ್ದು. ಹಳಗನ್ನಡ ಓದಿಸುವಾಗ ಅವಳ ದನಿ ಕೇಳಬೇಕು, ಪಂಪನ ಕರ್ಣ ಎದುರಿಗೆ ಬಂದು ನಿಂತ ಹಾಗಿರುತ್ತೆ. ಪೋಷಕರ ಸಭೆಯ ದಿನ ಯಾರಾದರೊಬ್ಬರು ಬಂದು ಪ್ರೀತಿಯಿಂದಲೇ ಹೇಳುತ್ತಾರಂತೆ, ‘ಮೇಡಂ, ಸಾಬ್ರಾದ್ರೂ ಎಷ್ಟ್ ಚೆನ್ನಾಗಿ ಕನ್ನಡ ಮಾತಾಡ್ತೀರಾ!’ ಮೊದಮೊದಲು ನಕ್ಕು ಸುಮ್ಮನಾಗುತ್ತಿದ್ದಳು. ಈಗ, ‘ನೀವೂ ಚೆನ್ನಾಗೇ ಮಾತಾಡ್ತೀರಾ ಸಾರ್’ ಅನ್ನುತ್ತಾಳೆ. ಅರ್ಧಕ್ಕರ್ಧ ಜನಕ್ಕೆ ಅದು ಜೋಕು ಅಂತಲೂ ಗೊತ್ತಾಗುವುದಿಲ್ಲ, ಥ್ಯಾಂಕ್ಸ್ ಹೇಳಿ ಹೋಗುತ್ತಾರಂತೆ.

ದಸರಾ ಗದ್ದಲದ ಹೊತ್ತಿನಲ್ಲಿ ಪದೇ ಪದೇ ಕೇಳಿದ ಇನ್ನೊಂದು ಹೆಸರು ನಿಸಾರ್ ಅಹಮದ್. 2017ರಲ್ಲಿ ದಸರಾ ಉದ್ಘಾಟಿಸಿದ್ದು ಅವರೇ ಅಲ್ವಾ, ಆಗ ಇಷ್ಟೊಂದು ತಕರಾರು ಇರಲಿಲ್ಲವಲ್ಲ ಅಂತ ಒಂದು ಕಡೆಯವರು. ನಿಸಾರ್ ಬೇರೆ, ಅವರು ‘ನಿತ್ಯೋತ್ಸವ’ ಬರೆದವರು, ತಾಯಿಯನ್ನು ಒಪ್ಪಿದವರು ಅಂತ ಇನ್ನೊಂದು ಕಡೆಯವರು. ಎರಡೂ ಕಡೆಯವರ ಕೈಯಲ್ಲಿ ಇದ್ದದ್ದು ಒಂದೇ ಹಾಡು. ಜೋಗದ ಸಿರಿ, ತುಂಗೆಯ ತೆನೆ, ಸಹ್ಯಾದ್ರಿಯ ಅದಿರು. (ನಾಡನ್ನು ಹೊಗಳುವ ಹಾಡಿನಲ್ಲಿ ಕಬ್ಬಿಣದ ಅದಿರನ್ನು ತರುವುದು ಭೂವಿಜ್ಞಾನದ ಮೇಷ್ಟ್ರಿಗೆ ಮಾತ್ರ ಸಾಧ್ಯ. ನಿಸಾರ್ ಪಾಠ ಮಾಡುತ್ತಿದ್ದದ್ದು ಭೂವಿಜ್ಞಾನ.) 1978ರಲ್ಲಿ ಮೈಸೂರು ಅನಂತಸ್ವಾಮಿ ಅವರ ರಾಗದಲ್ಲಿ ಕ್ಯಾಸೆಟ್ ಬಂದ ಮೇಲೆ ಅದು ಮನೆಮನೆಯ ಹಾಡಾಯಿತು. ನವೆಂಬರ್ ತಿಂಗಳಲ್ಲಿ ಕರ್ನಾಟಕದ ಯಾವ ಮೈಕಿನ ಹತ್ತಿರ ಹೋದರೂ ಕೇಳುತ್ತದೆ.

ಅದೇ ನಿಸಾರ್ ಇನ್ನೊಂದು ಪದ್ಯ ಬರೆದಿದ್ದಾರೆ. ‘ನಿಮ್ಮೊಡನಿದ್ದೂ ನಿಮ್ಮಂತಾಗದೆ’. ಅದು ಯಾವ ಮೈಕಿನಲ್ಲೂ ಕೇಳುವುದಿಲ್ಲ. ನಿಮ್ಮ ಜೊತೆಯೇ ಇದ್ದು, ನಿಮ್ಮ ಹಾಗೆ ಆಗದೆ ಉಳಿಯುವುದು ಎಷ್ಟು ಕಷ್ಟದ ಕೆಲಸ ಅಂತ ಹೇಳುವ ಪದ್ಯ. ಒಳಗೊಳಗೆ ಬೇರು ಕೊಯ್ಯುತ್ತೀರಿ, ಊರ ಎದುರಿಗೆ ಅದೇ ಗಿಡಕ್ಕೆ ನೀರು ಹಾಕುತ್ತೀರಿ. ಇದು ನನಗೆ ಗೊತ್ತು, ಗೊತ್ತಿಲ್ಲದವನ ಹಾಗೆ ನಟಿಸುತ್ತೇನೆ, ನಿಮ್ಮ ಜೊತೆ ಕಾಫಿ ಕುಡಿಯುತ್ತೇನೆ, ಪೇಪರ್ ಓದುತ್ತೇನೆ, ಹರಟುತ್ತೇನೆ. ಪದ್ಯದಲ್ಲಿ ಕೂಗಾಟ ಇಲ್ಲ, ಆವೇಶ ಇಲ್ಲ. ಕಾಫಿ ಮತ್ತು ಪೇಪರ್ ಇವೆ. ನನಗೆ ಆ ಪದ್ಯದಲ್ಲಿ ಹೆಚ್ಚು ಭಯ ಹುಟ್ಟಿಸುವುದು ಆ ಕಾಫಿಯೇ. ಯಾಕೆಂದರೆ ಎದುರಿಗೆ ಕೂತು ಕಾಫಿ ಕುಡಿಯುತ್ತಿರುವ ‘ನೀವು’ ನಾನೇ. ನಮ್ಮಂಥವರೇ.

ಇದನ್ನು ಅವರು ಬರೆದದ್ದು 1970ರ ದಶಕದಲ್ಲಿ. ಅಯೋಧ್ಯೆ, ಹಿಜಾಬ್, ಹಲಾಲ್ ಯಾವುದೂ ಸುದ್ದಿಯಲ್ಲಿ ಇರಲಿಲ್ಲ. 1972ರಷ್ಟು ಹಿಂದೆಯೇ ಅವರ ಒಂದು ಸಂಕಲನದ ಹೆಸರು ‘ನಾನೆಂಬ ಪರಕೀಯ’. ಇಷ್ಟೆಲ್ಲ ಬರೆದ ಕವಿಯ ಒಂದು ಹಾಡನ್ನು ಮಾತ್ರ ಇಟ್ಟುಕೊಂಡು, ‘ನೋಡಿ, ನಿಸಾರ್ ಹೇಗಿದ್ದರು, ನೀವೂ ಹಾಗಿರಿ’ ಅಂತ ಬಾನು ಅವರಿಗೆ ಬುದ್ಧಿ ಹೇಳಿದೆವು. ನಿಸಾರ್ 1970ರ ದಶಕದಲ್ಲಿ ಮೆತ್ತಗೆ ಕೇಳಿದ್ದನ್ನೇ ಬಾನು 2023ರಲ್ಲಿ ಜೋರಾಗಿ ಕೇಳಿದರು ಅಷ್ಟೇ.

ಭುವನೇಶ್ವರಿ ವಿಚಾರದಲ್ಲಿ ನನ್ನ ಮನಸ್ಸನ್ನೂ ಹೇಳಿಬಿಡುತ್ತೇನೆ. ನನಗೆ ಆ ಚಿತ್ರ ಇಷ್ಟ. ನಮ್ಮ ಶಾಲೆಯ ಗೋಡೆಯ ಮೇಲೆ ಇತ್ತು, ರಾಜ್ಯೋತ್ಸವದ ದಿನ ಅದಕ್ಕೆ ಸೇವಂತಿಗೆ ಹಾರ ಹಾಕುವುದಕ್ಕೆ ನಮ್ಮಲ್ಲಿ ಪೈಪೋಟಿ. ಆ ಪ್ರೀತಿ ಸುಳ್ಳಲ್ಲ. ಆದರೆ ಆ ಚಿತ್ರ ನಮ್ಮ ಕಣ್ಣಲ್ಲಿ ಕೂತದ್ದು ಏಕೀಕರಣದ ಚಳವಳಿಯ ಕಾಲದಲ್ಲಿ. ಹಂಪಿಯಲ್ಲಿ, ಸಿದ್ದಾಪುರದ ಭುವನಗಿರಿಯಲ್ಲಿ ಹಳೆಯ ಗುಡಿಗಳಿವೆ ನಿಜ. ಇಡೀ ನಾಡಿಗೆ ಒಬ್ಬಳೇ ತಾಯಿ ಅನ್ನುವ ಕಲ್ಪನೆ, ಹರಿದು ಹಂಚಿಹೋಗಿದ್ದ ಕನ್ನಡದವರನ್ನು ಒಟ್ಟು ಸೇರಿಸುವುದಕ್ಕೆ ಬೇಕಾಯಿತು. ಹಳದಿ ಕೆಂಪು ಬಾವುಟವಂತೂ 1960ರ ದಶಕದಲ್ಲಿ ಬೆಂಗಳೂರಿನ ಹೋರಾಟದ ಬೀದಿಯಲ್ಲಿ ಹುಟ್ಟಿದ್ದು, ಮ. ರಾಮಮೂರ್ತಿಯವರ ಕೈಯಲ್ಲಿ. ನಮ್ಮ ತಾತಂದಿರ ಕಾಲದಲ್ಲಿ ಕಟ್ಟಿದ ಗುರುತುಗಳು ಇವು. ಮನುಷ್ಯರು ಕಟ್ಟಿದ್ದನ್ನು ಇನ್ನೊಬ್ಬ ಮನುಷ್ಯರು, ‘ಇದರಲ್ಲಿ ನನಗೆ ಜಾಗ ಎಲ್ಲಿದೆ’ ಅಂತ ಕೇಳಿದರೆ ಅದು ದ್ರೋಹ ಹೇಗಾಗುತ್ತೆ? ಮಗಳು ತಾನೇ ಮನೆಯಲ್ಲಿ ಜಾಗ ಕೇಳುವುದು, ದಾರಿಹೋಕರು ಕೇಳುವುದಿಲ್ಲವಲ್ಲ.

ಇದೇ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆ ನೋಡಬೇಕೆಂದರೆ 1973ಕ್ಕೆ ಹೋಗಬೇಕು. ದೇವರಾಜ ಅರಸು ಸರ್ಕಾರದಲ್ಲಿ ಬಿ. ಬಸವಲಿಂಗಪ್ಪ ಮಂತ್ರಿ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಈ ರಾಜ್ಯದಲ್ಲಿ ನಿಲ್ಲಿಸಿದವರು ಅವರು. ಆ ವರ್ಷ ನವೆಂಬರ್‌ನಲ್ಲಿ ಮೈಸೂರಿನ ಒಂದು ಸಭೆಯಲ್ಲಿ, ಕನ್ನಡ ಸಾಹಿತ್ಯದಲ್ಲಿ ಇರುವುದು ಬಹುಪಾಲು ಬೂಸಾ ಅಂದುಬಿಟ್ಟರು. ದಲಿತ ಹುಡುಗರಿಗೆ ಇಂಗ್ಲಿಷ್ ಕಲಿಯಿರಿ ಅಂತಲೂ ಹೇಳಿದರು. ಬೆಂಕಿ ಬಿತ್ತು. ಬೀದಿ ಬೀದಿಯಲ್ಲಿ ಪ್ರತಿಭಟನೆ. ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು, ಹಾಸ್ಟೆಲುಗಳ ಮೇಲೆ ದಾಳಿಯಾಯಿತು. ಕೊನೆಗೆ ಬಸವಲಿಂಗಪ್ಪ ರಾಜೀನಾಮೆ ಕೊಡಬೇಕಾಯಿತು. ಮಲ ಹೊರುವುದು ನಿಂತದ್ದಕ್ಕೆ ಯಾರೂ ಬೀದಿಗೆ ಬಂದು ಸಂಭ್ರಮಿಸಿರಲಿಲ್ಲ. ಸಾಹಿತ್ಯವನ್ನು ಬೂಸಾ ಅಂದಿದ್ದಕ್ಕೆ ಊರೆಲ್ಲ ಬೀದಿಗೆ ಬಂತು.

ಅವರ ಮಾತು ಪೂರ್ತಿ ಸರಿ ಅಂತ ನಾನು ಹೇಳುವುದಿಲ್ಲ. ಬಸವಣ್ಣ, ಅಲ್ಲಮ, ಕನಕದಾಸರಿರುವ ಸಾಹಿತ್ಯ ಬೂಸಾ ಆಗುವುದು ಹೇಗೆ? ಆದರೆ ತಮ್ಮ ಕೇರಿಯ ಜನ ಮನುಷ್ಯರಾಗಿ ಕಾಣಿಸಿಕೊಂಡ ಪುಟಗಳು ಎಷ್ಟಿವೆ ಅಂತ ಹುಡುಕಿ ಹೊರಟ ಒಬ್ಬ ದಲಿತ ಓದುಗನಿಗೆ ಹಾಗೆ ಅನ್ನಿಸಿದ್ದರೆ ಆಶ್ಚರ್ಯ ಏನಿದೆ? ಆ ಹೊತ್ತಿನಲ್ಲಿ ‘ಯಾಕೆ ಹಾಗಂದಿರಿ’ ಅಂತ ಕೇಳಿದವರು ಕಡಿಮೆ. ‘ಕನ್ನಡಕ್ಕೆ ಅವಮಾನ ಮಾಡಿದ’ ಅಂದವರೇ ಜಾಸ್ತಿ.

ಮುಂದೆ ಆಗಿದ್ದು ತಮಾಷೆಯಾಗಿದೆ. ಕನ್ನಡಕ್ಕೆ ಅವಮಾನ ಮಾಡಿದವರು ಅನ್ನಿಸಿಕೊಂಡ ಪಾಳೆಯದಿಂದಲೇ ಕನ್ನಡಕ್ಕೆ ಹೊಸ ರಕ್ತ ಬಂತು. ಬೂಸಾ ಗಲಾಟೆಯಲ್ಲಿ ಬಸವಲಿಂಗಪ್ಪನವರ ಪರ ನಿಂತ ಹುಡುಗರಲ್ಲಿ ಮಾಗಡಿ ತಾಲ್ಲೂಕು ಮಂಚನಬೆಲೆಯ ಸಿದ್ಧಲಿಂಗಯ್ಯ ಒಬ್ಬರು. 1975ರಲ್ಲಿ ಅವರ ‘ಹೊಲೆಮಾದಿಗರ ಹಾಡು’ ಬಂತು. ‘ಇಕ್ರಲಾ ಒದೀರ್ಲಾ’ ಅಂತ ಶುರುವಾಗುವ ಪದ್ಯವನ್ನು ಅಲ್ಲಿಯವರೆಗೆ ಕನ್ನಡ ಕಂಡೇ ಇರಲಿಲ್ಲ. ‘ಎಲಾ’, ‘ಬಾರ್ಲಾ’ ಅನ್ನುವುದು ಹೊಲದಲ್ಲಿ, ಹೊಡೆದಾಟದಲ್ಲಿ ಇತ್ತು, ಕವಿತೆಯಲ್ಲಿ ಇರಲಿಲ್ಲ. ಹೆಂಡದಂಗಡಿಯ ಮಾತಿಗೆ ಇಲ್ಲಿ ಕವಿತೆ ಅಂತ ಹೆಸರು ಕೊಡ್ತಾರಾ ಅಂತ ಮೂಗು ಮುರಿದವರಿದ್ದರು. ಕೆಲವೇ ವರ್ಷಗಳಲ್ಲಿ ಆ ಹಾಡುಗಳು ತಮಟೆಯ ಜೊತೆ ಹಳ್ಳಿ ಹಳ್ಳಿ ತಿರುಗಿದವು. ನಲವತ್ತೇಳರ ಸ್ವಾತಂತ್ರ್ಯ ಯಾರಿಗೆ ಬಂತು, ಎಲ್ಲಿಗೆ ಬಂತು ಅಂತ ಕೇಳಿದ ಅವರ ಹಾಡನ್ನು ಓದು ಬಾರದವರೂ ಬಾಯಿಪಾಠ ಹೇಳುತ್ತಿದ್ದರು. ಕನ್ನಡದ ಕವಿತೆಯೊಂದಕ್ಕೆ ಇದಕ್ಕಿಂತ ದೊಡ್ಡ ಮರ್ಯಾದೆ ಬೇಕೆ?

1979ರಲ್ಲಿ ಧರ್ಮಸ್ಥಳದಲ್ಲಿ ಸಾಹಿತ್ಯ ಸಮ್ಮೇಳನ. ಅಧ್ಯಕ್ಷರು ಗೋಪಾಲಕೃಷ್ಣ ಅಡಿಗರು. ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೊಡಿ ಅಂತ ಕೇಳಿದ್ದಕ್ಕೆ ಪರಿಷತ್ತು ಒಪ್ಪಲಿಲ್ಲ. ಸಾಹಿತ್ಯದಲ್ಲಿ ದಲಿತ ಗಿಲಿತ ಎಲ್ಲ ಏನು ಅನ್ನುವ ಧಾಟಿ. ಕೇಳಿದವರು ಎದ್ದು ಬಂದು ಅದೇ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ತಮ್ಮದೇ ಸಮ್ಮೇಳನ ಮಾಡಿದರು. ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ್ದು ಹಾಗೆ. ‘ಖಡ್ಗವಾಗಲಿ ಕಾವ್ಯ’ ಅಂತ ಡಿ.ಆರ್. ನಾಗರಾಜ್ ಘೋಷಣೆ ಕೊಟ್ಟರು. ಒಂದು ಗೋಷ್ಠಿ ಕೊಟ್ಟಿದ್ದರೆ ಒಂದು ಮಧ್ಯಾಹ್ನದಲ್ಲಿ ಮುಗಿದು ಹೋಗುತ್ತಿತ್ತೇನೋ! ಕೊಡದೆ ಇದ್ದದ್ದರಿಂದ ಒಂದು ಚಳವಳಿಯೇ ಎದ್ದಿತು. ಆ ಚಳವಳಿಯ ಜೊತೆ ಬೆಳೆದವರಲ್ಲಿ ಹಾಸನದ ಬಾನು ಮುಷ್ತಾಕ್ ಒಬ್ಬರು. ಅದೇ ಪರಿಷತ್ತಿನ 81ನೇ ಸಮ್ಮೇಳನಕ್ಕೆ, 2015ರಲ್ಲಿ ಶ್ರವಣಬೆಳಗೊಳದಲ್ಲಿ, ಅಧ್ಯಕ್ಷರಾಗಿ ಮೆರವಣಿಗೆಯಲ್ಲಿ ಬಂದದ್ದು ಸಿದ್ಧಲಿಂಗಯ್ಯ. ಮೊದಲು ಬಾಗಿಲು ಹಾಕುವುದು, ಆಮೇಲೆ ಸಾರೋಟಿನಲ್ಲಿ ಕೂರಿಸುವುದು. ಎರಡೂ ನಮಗೆ ಚೆನ್ನಾಗಿ ಬರುತ್ತದೆ.

ಯಾವುದು ಸರಿಯಾದ ಕನ್ನಡ ಅನ್ನುವ ಪ್ರಶ್ನೆಗೆ ಮಾತ್ರ ವಯಸ್ಸಾಗಿದೆ. ಸುಮಾರು 850ರ ‘ಕವಿರಾಜಮಾರ್ಗ’, ನಮಗೆ ಸಿಕ್ಕಿರುವ ಅತಿ ಹಳೆಯ ಪುಸ್ತಕ, ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡು ಅನ್ನುತ್ತದೆ. ಅದನ್ನು ಎಲ್ಲ ಭಾಷಣಕಾರರೂ ಹೇಳುತ್ತಾರೆ. ಅದರ ಮುಂದಿನ ಮಾತನ್ನು ಹೇಳುವವರು ಕಡಿಮೆ. ಅಷ್ಟು ದೊಡ್ಡ ನಾಡಿನಲ್ಲಿ ಕಿಸುವೊಳಲ್, ಕೊಪಣ, ಪುಲಿಗೆರೆ, ಒಂಕುಂದ ಈ ನಾಲ್ಕು ಊರಿನ ನಡುವಿನದು ಕನ್ನಡದ ತಿರುಳು ಅಂತಲೂ ಅದೇ ಪುಸ್ತಕ ಹೇಳುತ್ತದೆ. ಅಂದರೆ ಇವತ್ತಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರದ ಕಡೆ. ಆಗ ತಿರುಳಾಗಿದ್ದ ಊರುಗಳ ಮಾತನ್ನೇ ಈಗ ನಮ್ಮ ಸಿನಿಮಾದವರು ಕಾಮಿಡಿಗೆ ಬಳಸುತ್ತಾರೆ. ರಾಜಧಾನಿ ಎಲ್ಲಿಗೆ ಹೋದರೆ ತಿರುಳೂ ಅಲ್ಲಿಗೆ ಹೋಗುತ್ತೆ.

ದೇವನೂರ ಮಹಾದೇವ ‘ಕುಸುಮಬಾಲೆ’ ಬರೆದಾಗ, ಇದನ್ನು ಮೊದಲು ಕನ್ನಡಕ್ಕೆ ಅನುವಾದ ಮಾಡಬೇಕು ಅಂತ ತಮಾಷೆ ಮಾಡಿದವರಿದ್ದರು. ನಂಜನಗೂಡು ಕಡೆಯ ಕೇರಿಯ ಮಾತು ಅದು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಮೇಲೆ ತಮಾಷೆ ನಿಂತಿತು. ಹಾಲಿಗೆ ಆಲು, ಹೂವಿಗೆ ಊವು ಅನ್ನುವುದನ್ನು ಇವತ್ತಿಗೂ ಟೀವಿಯಲ್ಲಿ ಆಡಿಕೊಳ್ಳುತ್ತೇವೆ. ಹ ಹೇಳಲು ಬಾರದವನು ಮಂತ್ರಿ ಆದನಲ್ಲ ಅಂತ ಟ್ರೋಲ್ ಮಾಡುವವರ ಮಾತಿನಲ್ಲಿ ಕನ್ನಡದ ಕಾಳಜಿ ಎಷ್ಟು, ಜಾತಿಯ ವಾಸನೆ ಎಷ್ಟು ಅಂತ ಅವರವರೇ ನೋಡಿಕೊಳ್ಳಲಿ. ಆ ಹ ಇಲ್ಲದ ಕನ್ನಡದಲ್ಲಿ ಮಲೆ ಮಹದೇಶ್ವರನ ಕತೆಯನ್ನು ರಾತ್ರಿಯಿಡೀ ಹಾಡುತ್ತಾರೆ ಅನ್ನುವುದು ನೆನಪಿದ್ದರೆ ಸಾಕು.

ಮುಸ್ಲಿಮರ ವಿಷಯಕ್ಕೆ ಬಂದರೆ ಪರೀಕ್ಷೆಯ ಮೊದಲು ನಾವು ಅವರ ಬಾಯಿಗೆ ಒಂದು ಕನ್ನಡವನ್ನು ತುರುಕಿಟ್ಟಿದ್ದೇವೆ. ‘ನಮ್ದುಕೆ’, ‘ನಿಮ್ದುಕೆ’. ಹಳೆಯ ಸಿನಿಮಾಗಳಲ್ಲಿ ಸಾಬಿ ಅಂದರೆ ಇದೇ ಮಾತು, ಒಂದು ಟೋಪಿ, ಒಂದು ಗುಜರಿ ಅಂಗಡಿ. ಒಳ್ಳೆಯವನಾದರೆ ಹೀರೊಗಾಗಿ ಪ್ರಾಣ ಕೊಡುತ್ತಾನೆ. ಅವನಿಗೊಂದು ಮನೆ, ಆ ಮನೆಯಲ್ಲಿ ಒಂದು ಜಗಳ, ಸಾಲ, ಮಗಳ ಓದು ಅಂತ ಇರುವುದನ್ನು ತೋರಿಸಿದವರು ಕಡಿಮೆ. ಅದನ್ನು ತೋರಿಸಿದ್ದು ಸಾಹಿತ್ಯ. ಬೊಳುವಾರು ಮಹಮದ್ ಕುಂಞಿ ‘ಮುತ್ತುಪ್ಪಾಡಿ’ ಅನ್ನುವ ಊರನ್ನೇ ಕಟ್ಟಿ ಅದರಲ್ಲಿ ಬ್ಯಾರಿಗಳನ್ನು ಇಟ್ಟರು. ಆ ಬ್ಯಾರಿಗಳು ಉರ್ದು ಮಾತಾಡುವುದಿಲ್ಲ. ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ ಮನೆಮಾತು ಮಲಯಾಳಂ, ಬರೆದದ್ದು ಕನ್ನಡದಲ್ಲಿ. ‘ಚಂದ್ರಗಿರಿಯ ತೀರದಲ್ಲಿ’ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗ, ಅಪ್ಪನ ಹಟಕ್ಕೆ ತಲಾಕ್ ಆಗಿ, ಗಂಡನ ಮನೆಗೆ ಮರಳಬೇಕೆಂದರೆ ಇನ್ನೊಬ್ಬನನ್ನು ಮದುವೆಯಾಗಬೇಕಾಗಿ ಬಂದ ನಾದಿರಾಳ ಕತೆ ಓದಿ ಕರಾವಳಿ ಬೆಚ್ಚಿತು. ಘಟ್ಟದ ಮೇಲಿನ ಓದುಗರಿಗೆ, ಮುಸ್ಲಿಮರೆಲ್ಲ ಒಂದೇ ಅಲ್ಲ, ಒಂದೇ ಭಾಷೆಯವರೂ ಅಲ್ಲ ಅನ್ನುವುದು ಮೊದಲು ಗೊತ್ತಾದದ್ದು ಇವರಿಂದಲೇ ಇರಬೇಕು.

ಸಾಹಿತ್ಯ ಇಷ್ಟು ಕೆಲಸ ಮಾಡುತ್ತಿದ್ದ ಹೊತ್ತಿನಲ್ಲೇ ಬೀದಿ ಬೇರೆ ಕಡೆ ಹೋಗುತ್ತಿತ್ತು. 1994ರ ಅಕ್ಟೋಬರ್ 2ರಂದು ಬೆಂಗಳೂರು ದೂರದರ್ಶನದಲ್ಲಿ ಹತ್ತು ನಿಮಿಷದ ಉರ್ದು ವಾರ್ತೆ ಶುರುವಾಯಿತು. ಕನ್ನಡಕ್ಕೆ ಅನ್ಯಾಯ ಅಂತ ಗಲಾಟೆ ಎದ್ದು, ಅದು ಗಲಭೆಯಾಗಿ ತಿರುಗಿ, ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ವಾರ್ತೆ ನಿಂತಿತು. ಹತ್ತು ನಿಮಿಷದ ಸುದ್ದಿಗೆ ಅಷ್ಟು ಹೆಣ. ಅದಕ್ಕೂ ಮೊದಲು ಗೋಕಾಕ್ ಚಳವಳಿಯಲ್ಲಿ ಕನ್ನಡಕ್ಕಾಗಿ ಲಕ್ಷಾಂತರ ಜನ ಸೇರಿದ್ದು ಈ ನಾಡಿನ ದೊಡ್ಡ ನೆನಪು. 1994 ಅದರ ಪಕ್ಕದಲ್ಲೇ ಇರುವ ನೆನಪು, ಆದರೆ ಅದರ ವಾರ್ಷಿಕೋತ್ಸವ ಯಾರೂ ಮಾಡುವುದಿಲ್ಲ.

ನಾನು ಕೆಲವು ಕಾಲ ದಿನಪತ್ರಿಕೆಯೊಂದರ ಡೆಸ್ಕಿನಲ್ಲಿ ಇದ್ದೆ. ಕರಾವಳಿಯಿಂದ ಬರುವ ವರದಿಗಳಲ್ಲಿ ‘ಅನ್ಯಕೋಮಿನ ಯುವಕ’ ಅಂತ ಇರುತ್ತಿತ್ತು. ಹೆಸರು ಹಾಕದೆ ಜಾಣತನದಿಂದ ಬರೆದದ್ದು, ಆದರೆ ಯಾರು ಅಂತ ಎಲ್ಲರಿಗೂ ಗೊತ್ತು. ಯಾರಿಂದ ಅನ್ಯ? ಓದುಗರಿಂದ. ಪತ್ರಿಕೆ ಓದುವವರು ಯಾರು ಅನ್ನುವುದನ್ನು ವರದಿಗಾರ ಮೊದಲೇ ತೀರ್ಮಾನ ಮಾಡಿಟ್ಟಿರುತ್ತಾನೆ. ನನ್ನ ಗೆಳತಿಯ ಮನೆಗೂ ಅದೇ ಪತ್ರಿಕೆ ಬರುತ್ತಿತ್ತು.

ಬಾನು ಮುಷ್ತಾಕ್ ಅವರ ಬಗ್ಗೆ ಓದುವಾಗ ನನಗೆ ಬಹಳ ಇಷ್ಟವಾದದ್ದು ಅವರ ಬಾಲ್ಯದ ಒಂದು ಸಂಗತಿ. ಎಂಟು ವರ್ಷದ ಹುಡುಗಿಯನ್ನು ಶಿವಮೊಗ್ಗದ ಒಂದು ಮಿಷನರಿ ಕನ್ನಡ ಶಾಲೆಗೆ ಸೇರಿಸಿಕೊಳ್ಳುವಾಗ ಒಂದು ಷರತ್ತು ಹಾಕಿದ್ದರಂತೆ. ಆರು ತಿಂಗಳಲ್ಲಿ ಕನ್ನಡ ಓದಿ ಬರೆಯುವುದು ಕಲಿಯಬೇಕು. ಹುಡುಗಿ ಕೆಲವೇ ದಿನಗಳಲ್ಲಿ ಬರೆಯಲು ಶುರು ಮಾಡಿದಳು. ಆ ಪರೀಕ್ಷೆ ಅಲ್ಲಿಗೆ ಮುಗಿಯಬೇಕಿತ್ತು.

ಅವರು ಪರೀಕ್ಷೆ ಬರೆದದ್ದು ಒಂದು ಕಡೆಯವರ ಮುಂದೆ ಮಾತ್ರ ಅಲ್ಲ. ಮಸೀದಿಗೆ ಹೆಂಗಸರಿಗೂ ಪ್ರವೇಶ ಬೇಕು ಅಂದದ್ದಕ್ಕೆ 2000ದಲ್ಲಿ ಅವರದೇ ಸಮುದಾಯದವರು ಬಹಿಷ್ಕಾರ ಹಾಕಿದರು. ಚಾಕು ಹಿಡಿದು ಬಂದವನೂ ಇದ್ದ. ಅವರ ‘ಕರಿ ನಾಗರಗಳು’ ಕತೆ ಓದಿದರೆ ಸಿಟ್ಟು ಯಾರಿಗೆ ಬಂದಿತ್ತು ಅಂತ ಅರ್ಥವಾಗುತ್ತೆ. ಗಂಡ ಆಟೊ ಓಡಿಸುತ್ತಾನೆ, ಹೆಣ್ಣು ಮಕ್ಕಳೇ ಹುಟ್ಟಿದವು ಅಂತ ಇನ್ನೊಂದು ಮದುವೆಯಾಗುತ್ತಾನೆ. ಆಕೆ ನ್ಯಾಯ ಕೇಳಿಕೊಂಡು ಮಕ್ಕಳನ್ನು ಕಟ್ಟಿಕೊಂಡು ಮಸೀದಿಗೆ ಬರುತ್ತಾಳೆ. ಒಳಗೆ ಮುತವಲ್ಲಿ ಇದ್ದಾನೆ, ಮಸೀದಿಯ ಉಸ್ತುವಾರಿ ನೋಡುವವನು, ಧರ್ಮ ಹೇಳುವವನು. ಹೊರಗೆ ಕಾಯಿಲೆಯ ಮಗು ಇದೆ. ಮಗು ಸಾಯುತ್ತದೆ. ಆಮೇಲೆ ಮೊಹಲ್ಲಾದ ಹೆಂಗಸರು ಮುತವಲ್ಲಿಯನ್ನು ಕಂಡಲ್ಲೆಲ್ಲ ಶಾಪ ಹಾಕುತ್ತಾರೆ. ಬಾಗಿಲ ಸಂದಿಯಿಂದ, ಬೀದಿಯ ತಿರುವಿನಿಂದ. ಆ ಶಾಪಗಳಿಗಾಗಿ ಆ ಕತೆಯನ್ನು ಓದಬೇಕು. ಗಿರೀಶ್ ಕಾಸರವಳ್ಳಿ ಇದನ್ನೇ ‘ಹಸೀನಾ’ ಸಿನಿಮಾ ಮಾಡಿದರು, ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು.

ಇಂಥ ಕತೆಗಳನ್ನು ಓದಿ ‘ನೋಡಿ, ಅವರಲ್ಲಿ ಹೆಂಗಸರ ಗತಿ ಹೀಗೆ’ ಅಂತ ಖುಷಿಪಡುವವರೂ ಇದ್ದಾರೆ. ಅವರು ಬಾನು ಅವರದೇ ‘ಎದೆಯ ಹಣತೆ’ ಕತೆಯನ್ನು ಇನ್ನೊಮ್ಮೆ ಓದಲಿ. ಗಂಡ ಕೈಬಿಟ್ಟ ಮೆಹರುನ್ ಕೂಸನ್ನು ಎತ್ತಿಕೊಂಡು ತವರಿಗೆ ಬರುತ್ತಾಳೆ. ಅಣ್ಣಂದಿರು ಮರ್ಯಾದೆಯ ಮಾತು ಹೇಳಿ ಅದೇ ದಿನ ವಾಪಸ್ ಕರೆದುಕೊಂಡು ಹೋಗಿ ಬಿಡುತ್ತಾರೆ. ರಾತ್ರಿ ಮೈಮೇಲೆ ಸೀಮೆಎಣ್ಣೆ ಸುರಿದುಕೊಂಡವಳನ್ನು ತಡೆಯುವುದು ದೊಡ್ಡ ಮಗಳು. ಆ ತವರುಮನೆಯ ಮಾತುಕತೆಯಲ್ಲಿ ಹೆಸರುಗಳನ್ನು ಬದಲಾಯಿಸಿ ನೋಡಿ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ನಾನು ಕಂಡ ಹತ್ತಾರು ಜಗಲಿಗಳ ಪಂಚಾಯ್ತಿ ಅದೇ. ‘ಹೊಂದ್ಕೊಂಡು ಹೋಗಮ್ಮ’ ಅನ್ನುವ ಮಾತಿಗೆ ಜಾತಿ ಧರ್ಮ ಇಲ್ಲ.

ಇಷ್ಟು ಬರೆದ ಮೇಲೆ ಒಬ್ಬ ಸ್ನೇಹಿತರು ಕೇಳಿದರು, ಹಾಗಾದರೆ ಬ್ಯಾಂಕಿನವರನ್ನು ಕನ್ನಡ ಮಾತಾಡಿ ಅನ್ನುವುದೂ ತಪ್ಪಾ, ಅದೂ ಪರೀಕ್ಷೆ ತಾನೇ? ಅಲ್ಲ. ಹಳ್ಳಿಯಿಂದ ಬಂದ ಅಜ್ಜಿಗೆ ಪಿಂಚಣಿ ಬಂದಿದೆಯೋ ಇಲ್ಲವೋ ಅಂತ ಅವಳ ಭಾಷೆಯಲ್ಲಿ ಹೇಳುವುದು ಕೌಂಟರಿನ ಆಚೆ ಕೂತವರ ಕೆಲಸ. ಅಂಗಡಿ ಬೋರ್ಡಿನಲ್ಲಿ 60 ಭಾಗ ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನು ಮಾಡಿದ್ದೂ ನನಗೆ ಸರಿಯೇ. ಅಲ್ಲಿ ಕೇಳುತ್ತಿರುವುದು ಸೇವೆ, ಪ್ರೀತಿಯ ಪ್ರಮಾಣಪತ್ರ ಅಲ್ಲ. ಅಧಿಕಾರ ಯಾರ ಕೈಯಲ್ಲಿದೆ ಅನ್ನುವುದನ್ನು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತೆ. ಬೋರ್ಡಿನ ಹೋರಾಟದ ಸಿಟ್ಟನ್ನು ಬೀದಿಬದಿಯಲ್ಲಿ ಪಾನಿಪುರಿ ಮಾರುವ ಬಿಹಾರದ ಹುಡುಗನ ಕೆನ್ನೆಯ ಮೇಲೆ ತೀರಿಸಿಕೊಂಡು ವಿಡಿಯೊ ಹಾಕುವುದನ್ನು ಮಾತ್ರ ನಾನು ಕನ್ನಡದ ಕೆಲಸ ಅನ್ನಲಾರೆ.

ಶಾಲೆಯ ಪುಸ್ತಕಗಳಲ್ಲಿ ಯಾವ ಪಾಠ ಇರುತ್ತೆ, ಯಾವುದು ಹೋಗುತ್ತೆ ಅನ್ನುವುದೂ ಇದೇ ಕತೆ. 2022ರ ಪರಿಷ್ಕರಣೆಯಲ್ಲಿ ಹತ್ತನೇ ತರಗತಿಯಿಂದ ಸಾರಾ ಅವರ ‘ಯುದ್ಧ’ ಪಾಠ ಹೋಯಿತು. ದೇವನೂರ ಮಹಾದೇವ ಅವರು ನನ್ನ ಪಾಠವೂ ಬೇಡ, ತೆಗೆಯಿರಿ ಅಂದರು. ಸರ್ಕಾರ ಬದಲಾದಾಗಲೆಲ್ಲ ಪಟ್ಟಿ ಬದಲಾಗುತ್ತೆ. ಮಕ್ಕಳಿಗೆ ಇದ್ಯಾವುದೂ ಗೊತ್ತಾಗುವುದಿಲ್ಲ, ಅವರ ಚಿಂತೆ ಎಷ್ಟು ಮಾರ್ಕ್ಸಿನ ಪ್ರಶ್ನೆ ಬರುತ್ತೆ ಅನ್ನುವುದು.

ಹಾಗಾಗಿ ಪಠ್ಯಪುಸ್ತಕದ ಆಸೆ ಬಿಟ್ಟು, ಕಳೆದ ರಾಜ್ಯೋತ್ಸವಕ್ಕೆ ನಮ್ಮ ಬಡಾವಣೆಯ ಕನ್ನಡ ಸಂಘದ ಕಾರ್ಯದರ್ಶಿಯವರಲ್ಲಿ ಒಂದು ಮಾತು ಕೇಳಿದೆ. ‘ನಿತ್ಯೋತ್ಸವ’ ಹೇಗೂ ಹಾಡಿಸ್ತೀರಲ್ಲ ಸಾರ್, ಅದಾದ ಮೇಲೆ ನಿಸಾರ್ ಅವರದ್ದೇ ಇನ್ನೊಂದು ಪದ್ಯ ಓದ್ತೀನಿ, ಚಿಕ್ಕದು. ಕೈಬರಹದಲ್ಲಿ ಬರೆದುಕೊಂಡೂ ಹೋಗಿದ್ದೆ. ಅವರು ಚೀಟಿ ಇಸಕೊಂಡು ಪೂರ್ತಿ ಓದಿದರು. ಇನ್ನೊಂದು ಸಲ ಓದಿದರು. ‘ಪದ್ಯ ಚೆನ್ನಾಗಿದೆ ಸಾರ್’ ಅಂದರು. ಆಮೇಲೆ ಪೆಂಡಾಲಿನ ಕಡೆ ನೋಡಿ, ‘ಆದ್ರೆ ಊಟಕ್ಕೆ ಲೇಟಾಗುತ್ತೆ, ಮುಂದಿನ ವರ್ಷ ನೋಡೋಣ’ ಅಂದರು. ಚೀಟಿ ಮಾತ್ರ ವಾಪಸ್ ಕೊಡಲಿಲ್ಲ, ಜೇಬಿನಲ್ಲಿ ಇಟ್ಟುಕೊಂಡರು. ಈ ನವೆಂಬರಿಗೆ ಮತ್ತೆ ಕೇಳುತ್ತೇನೆ.